“ಇದನ್ನ ಬರೆದಿಟ್ಟೋರು ಯಾರು?”: ಜಗತ್ತಿನ ವಿಚಿತ್ರ ಕಥೆಗಳನ್ನು ಜರಡಿ ಹಿಡಿದು ಹೇಳುವ ಬಗೆ

ಶನಿವಾರ ಸಂಜೆ ನಮ್ಮ ಮನೆ ಮುಂದಿನ ಕಟ್ಟೆಯ ಮೇಲೆ ಓಣಿಯ ಏಳೆಂಟು ಮಕ್ಕಳು ಸೇರುತ್ತಾರೆ. ನಡುವೆ ಬೋಗುಣಿ ತುಂಬ ಮಂಡಕ್ಕಿ, ಪಕ್ಕದಲ್ಲಿ ಪೇಪರ್ ಮೇಲೆ ಬಿಸಿ ಮಿರ್ಚಿ. ದಾವಣಗೆರೆಯಲ್ಲಿ ಇದಿಲ್ಲದೆ ನಾಲ್ಕು ಜನ ಕೂತರೆ ಅದು ಕೂತಂಗೇ ಅಲ್ಲ. ನನ್ನ ಪಾಲಿನ ಕೆಲಸ ಒಂದು ಕಥೆ ಹೇಳುವುದು. ರಾಜ-ರಾಣಿ ಕಥೆ ಅವರಿಗೆ ಬೇಡ. ನಿಜವಾಗಿ ನಡೆದಿರಬೇಕು, ಆದರೆ ಕೇಳಿದ ಕೂಡಲೇ ನಂಬೋಕೆ ಆಗಬಾರದು. ಅದು ಅವರ ಷರತ್ತು.

ಎರಡು ವರ್ಷದ ಹಿಂದೆ ಒಂದು ಶನಿವಾರ ದೆಹಲಿಯ ನಾಗರಹಾವಿನ ಕಥೆ ಹೇಳಿದೆ. ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಬ್ರಿಟಿಷರ ಕಾಲದಲ್ಲಿ ದೆಹಲಿಯಲ್ಲಿ ಹಾವು ಜಾಸ್ತಿಯಾಯಿತಂತೆ. ಸತ್ತ ಹಾವು ತಂದವರಿಗೆ ಸರ್ಕಾರ ಇನಾಮು ಕೊಟ್ಟಿತಂತೆ. ಇನಾಮಿನ ಆಸೆಗೆ ಜನ ಮನೆಯಲ್ಲೇ ಹಾವು ಸಾಕಿದರಂತೆ. ಸರ್ಕಾರ ಇನಾಮು ನಿಲ್ಲಿಸಿದಾಗ ಸಾಕಿದ ಹಾವನ್ನೆಲ್ಲ ಬೀದಿಗೆ ಬಿಟ್ಟರಂತೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ನಾನು ಉಬ್ಬಿಹೋದೆ. ಆಗ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಮಿರ್ಚಿಯ ತೊಟ್ಟು ಪಕ್ಕಕ್ಕಿಡುತ್ತಾ ಕೇಳಿದಳು: “ಅಂಕಲ್, ಇದನ್ನ ಬರೆದಿಟ್ಟೋರು ಯಾರು?”

ಗೊತ್ತಿರಲಿಲ್ಲ. ಯಾವ ಇಸವಿ ಅಂದಳು. ಅದೂ ಗೊತ್ತಿರಲಿಲ್ಲ. “ಬರೀ ಅಂತೆ, ಅಂತೆ ಅಂತಾನೇ ಹೇಳಿದ್ರಿ” ಅಂತ ಇನ್ನೊಬ್ಬ ಕಿಸಕ್ಕನೆ ನಕ್ಕ.

ಅವತ್ತಿನಿಂದ ಕಥೆ ಹೇಳೋಕೆ ಮೊದಲು ಒಂದಿಷ್ಟು ಕೆಲಸ ಮಾಡಿಕೊಂಡು ಕೂರುತ್ತೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ, ಶಾಲೆಯಲ್ಲಿ, ಕಟ್ಟೆಯ ಮೇಲೆ ಇಂಥ ಕಥೆ ಹೇಳುವ ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ: ಒಂದು ನೋಟ್‌ಬುಕ್ಕು, ಇಂಟರ್ನೆಟ್ ಇರುವ ಮೊಬೈಲು, ಒಂದೆರಡು ಸಂಜೆ.

ಮೊದಲ ಹೆಜ್ಜೆ: ‘ಅಂತೆ’ ಎಣಿಸಿ

ನಮ್ಮ ಕನ್ನಡದಲ್ಲಿ ಒಂದು ದೊಡ್ಡ ಅನುಕೂಲ ಇದೆ. ನಾನೇ ಕಂಡದ್ದಕ್ಕೆ ‘ಬಂದ’ ಅನ್ನುತ್ತೇವೆ, ಬೇರೆಯವರು ಹೇಳಿದ್ದಕ್ಕೆ ‘ಬಂದನಂತೆ’ ಅನ್ನುತ್ತೇವೆ. ಬಾಲಕ್ಕೆ ಅಂಟಿದ ಈ ಪುಟ್ಟ ಪದವೇ ನಮ್ಮ ಜರಡಿ.

ಕಥೆಯನ್ನು ನೋಟ್‌ಬುಕ್ಕಿನಲ್ಲಿ ಸಾಲಿಗೊಂದು ವಾಕ್ಯದಂತೆ ಬರೆಯಿರಿ. ಪ್ರತಿ ವಾಕ್ಯಕ್ಕೂ ‘ಅಂತೆ’ ಹಚ್ಚಿ. ಆಮೇಲೆ ಒಂದೊಂದನ್ನೇ ತೆಗೆಯಲು ನೋಡಿ. ತೆಗೆಯಬೇಕಾದರೆ ಮೂರು ಪ್ರಶ್ನೆಗೆ ಉತ್ತರ ಬೇಕು: ಯಾವ ಊರು, ಯಾವ ಇಸವಿ, ಆಗ ಅಲ್ಲಿದ್ದವರಲ್ಲಿ ಬರೆದಿಟ್ಟವರು ಯಾರು.

ನಾಗರಹಾವಿನ ಕಥೆಗೆ ಹೀಗೆ ಮಾಡಿದೆ. ಬ್ರಿಟಿಷ್ ಸರ್ಕಾರ 1870ರ ದಶಕದಲ್ಲಿ ಹಾವು ಕೊಂದವರಿಗೆ ಇನಾಮು ಕೊಟ್ಟದ್ದು ನಿಜ. ಅಲ್ಲಿಗೆ ಒಂದು ‘ಅಂತೆ’ ಬಿತ್ತು. ಆದರೆ ಸಾಕಿದರು, ಬೀದಿಗೆ ಬಿಟ್ಟರು ಅನ್ನುವ ಭಾಗಕ್ಕೆ ಬಂದ ಕೂಡಲೇ ಕಥೆ ಹೇಳುವವರು ಇಸವಿ ನುಂಗುತ್ತಾರೆ, ಅಧಿಕಾರಿಯ ಹೆಸರು ನುಂಗುತ್ತಾರೆ. ಈ ಕಥೆ ಜಗತ್ತಿನ ತುಂಬ ಓಡಾಡಿದ್ದು 2001ರಲ್ಲಿ ಹಾರ್ಸ್ಟ್ ಸೀಬರ್ಟ್ ಎಂಬ ಜರ್ಮನ್ ಅರ್ಥಶಾಸ್ತ್ರಜ್ಞ ತನ್ನ ಪುಸ್ತಕಕ್ಕೆ ನಾಗರಹಾವಿನ ಹೆಸರಿಟ್ಟ ಮೇಲೆ. ಅಲ್ಲಿಂದಾಚೆ ಮ್ಯಾನೇಜ್‌ಮೆಂಟ್ ಪಾಠ ಹೇಳುವವರಿಗೆಲ್ಲ ಇದು ಬಾಯಿಪಾಠ.

ಆದರೆ ಹುಡುಕುತ್ತಾ ಹೋದಾಗ ಇದರ ಅಣ್ಣನಂಥ ಇನ್ನೊಂದು ಕಥೆ ಸಿಕ್ಕಿತು. ಊರು ಹನೋಯಿ, ಇಸವಿ 1902. ವಿಯೆಟ್ನಾಂ ಆಗ ಫ್ರೆಂಚರ ಕೈಯಲ್ಲಿತ್ತು. ಫ್ರೆಂಚರು ತಮ್ಮ ಬಡಾವಣೆಗೆ ಹೊಸ ಒಳಚರಂಡಿ ಕಟ್ಟಿಸಿದ್ದರು. ಇಲಿಗಳಿಗೆ ಅದು ಅರಮನೆ ಆಯಿತು. ಪ್ಲೇಗಿನ ಭಯ ಬೇರೆ. ಮೊದಲು ಕೂಲಿಯವರನ್ನು ಚರಂಡಿಗಿಳಿಸಿ ಇಲಿ ಹೊಡೆಸಿದರು. ಸಾಲದು ಅಂತ ಊರವರಿಗೂ ಇನಾಮು ಸಾರಿದರು: ಒಂದು ಇಲಿ ಬಾಲಕ್ಕೆ ಒಂದು ಸೆಂಟ್. ಇಡೀ ಇಲಿ ತಂದರೆ ಹೂಳುವವರು ಯಾರು ಅಂತ ಬರೀ ಬಾಲ ಸಾಕು ಅಂದರು. ಬಾಲ ಬಂದು ಗುಡ್ಡೆ ಬಿತ್ತು. ಸ್ವಲ್ಪ ದಿನದಲ್ಲಿ ಊರ ತುಂಬ ಬಾಲವಿಲ್ಲದ ಇಲಿಗಳು ಓಡಾಡತೊಡಗಿದವು! ಜನ ಬಾಲ ಕತ್ತರಿಸಿ ಇಲಿಯನ್ನು ಬಿಟ್ಟುಬಿಡುತ್ತಿದ್ದರು. ಬದುಕಿದರೆ ತಾನೇ ಮರಿ ಹಾಕುವುದು? ಊರ ಹೊರಗೆ ಇಲಿ ಸಾಕುವವರೂ ಹುಟ್ಟಿಕೊಂಡರು. ಮೈಕೆಲ್ ವ್ಯಾನ್ ಎಂಬ ಅಮೆರಿಕದ ಇತಿಹಾಸಕಾರ ಫ್ರೆಂಚರ ಹಳೇ ಕಡತಗಳನ್ನು ಕೆದಕಿ ಇದನ್ನು ಹೊರಗೆ ತೆಗೆದರು.

ಮುಂದಿನ ಶನಿವಾರ ತಪ್ಪೊಪ್ಪಿಕೊಂಡು ಈ ಕಥೆ ಹೇಳಿದೆ. ಬಾಲವಿಲ್ಲದ ಇಲಿಗೆ ಸಿಕ್ಕ ನಗು ನಾಗರಹಾವಿಗೆ ಸಿಕ್ಕಿರಲಿಲ್ಲ. ಕಥೆ ಜೊಳ್ಳು ಅಂತ ಗೊತ್ತಾದಾಗ ಬೇಜಾರು ಮಾಡಿಕೊಳ್ಳಬೇಡಿ. ಅದರ ಅಕ್ಕಪಕ್ಕ ಕೈಯಾಡಿಸಿ. ಎಷ್ಟೋ ಸಲ ಗಟ್ಟಿಕಾಳು ಅಲ್ಲೇ ಬಿದ್ದಿರುತ್ತದೆ.

ಎರಡನೇ ಹೆಜ್ಜೆ: ಹಳೇ ಕಾಗದದ ಕಡೆಗೆ ಹಿಂದಕ್ಕೆ ನಡೆಯಿರಿ

ವಿಡಿಯೋ ನೋಡಿದಿರಿ. ವಿಡಿಯೋದವನು ಯಾವುದೋ ಲೇಖನ ನೋಡಿರುತ್ತಾನೆ. ಲೇಖನದವನು ಪುಸ್ತಕ ನೋಡಿರುತ್ತಾನೆ, ಪುಸ್ತಕದವನು ಹಳೇ ಪತ್ರಿಕೆ ನೋಡಿರುತ್ತಾನೆ. ಒಂದೊಂದೇ ಮೆಟ್ಟಿಲು ಇಳಿಯಿರಿ. ಆ ಕಾಲದಲ್ಲೇ ಬರೆದ ಒಂದು ಹಾಳೆ ಸಿಗುವ ತನಕ ಇಳಿಯಬೇಕು.

ಕಷ್ಟ ಅನ್ನಿಸುತ್ತದೆ, ಅಲ್ವಾ? ಒಂದು ಸಲ ಮಾಡಿ ನೋಡಿ. ಆಸ್ಟ್ರೇಲಿಯಾದ ‘ಈಮು ಯುದ್ಧ’ ಕೇಳಿರಬಹುದು. ಸೈನ್ಯ ಮೆಷಿನ್‌ಗನ್ ಹಿಡಿದು ಹಕ್ಕಿಗಳ ಮೇಲೆ ಯುದ್ಧಕ್ಕೆ ಹೋಗಿ ಸೋತ ಕಥೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ‘ಟ್ರೋವ್’ ಎಂಬ ಜಾಲತಾಣದಲ್ಲಿ ಹಳೇ ಪತ್ರಿಕೆಗಳನ್ನು ಪುಟದ ಚಿತ್ರದ ಸಮೇತ ಹಾಕಿದೆ. ದುಡ್ಡು ಕೊಡಬೇಕಿಲ್ಲ. ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ ಈಮು ಮತ್ತು ಕ್ಯಾಂಪಿಯನ್ ಅಂತ ಹಾಕಿ. ಕ್ಯಾಂಪಿಯನ್ ಅನ್ನುವುದು ಇದು ನಡೆದ ಪಶ್ಚಿಮ ಆಸ್ಟ್ರೇಲಿಯಾದ ಹಳ್ಳಿ. ಪತ್ರಿಕೆಗಳ ವಿಭಾಗ ಆರಿಸಿ, 1930ರ ದಶಕ ಆರಿಸಿ, ಹಳೆಯದು ಮೊದಲು ಬರುವಂತೆ ಮಾಡಿ. 1932ರ ನವೆಂಬರಿನ ವರದಿಗಳು ಕಣ್ಣೆದುರಿಗೆ ಬರುತ್ತವೆ. ಇಂಗ್ಲಿಷು ತೊಡಕಾದರೆ ಮೊಬೈಲಿನ ಅನುವಾದಕ್ಕೆ ಹಾಕಿ. ಅಡ್ಡಾದಿಡ್ಡಿ ಕನ್ನಡ ಬರುತ್ತದೆ, ಆದರೂ ವಿಷಯ ತಿಳಿಯುತ್ತದೆ.

ಹೀಗೆ ಓದಿದಾಗ ಗೊತ್ತಾಗುವುದು ಏನು? ಯಾರೂ ಯುದ್ಧ ಸಾರಿರಲಿಲ್ಲ. ‘ಯುದ್ಧ’ ಪತ್ರಿಕೆಗಳು ತಮಾಷೆಗೆ ಇಟ್ಟ ಹೆಸರು. ‘ಸೈನ್ಯ’ ಅಂದರೆ ಮೇಜರ್ ಮೆರಿಡಿತ್ ಮತ್ತು ಇಬ್ಬರು ಸಿಪಾಯಿಗಳು, ಎರಡು ಲೂಯಿಸ್ ಮೆಷಿನ್‌ಗನ್, 10,000 ಗುಂಡು. ಇನ್ನೊಂದು ಕಡೆ ಗೋಧಿ ಹೊಲಕ್ಕೆ ನುಗ್ಗಿದ ಸುಮಾರು 20,000 ಈಮು. ಹೊಲದವರು ಯಾರು ಅಂದರೆ ಮೊದಲ ಮಹಾಯುದ್ಧದಿಂದ ವಾಪಸಾಗಿ ಸರ್ಕಾರ ತೋರಿಸಿದ ಜಮೀನಿನಲ್ಲಿ ಒಕ್ಕಲುತನಕ್ಕೆ ಇಳಿದ ಮಾಜಿ ಸೈನಿಕರು. ಗೋಧಿ ಬೆಲೆ ನೆಲ ಕಚ್ಚಿತ್ತು, ಬೇಲಿ ಮುರಿದಿತ್ತು. ಮೆಕ್ಕೆಜೋಳದ ಹೊಲಕ್ಕೆ ಕಾಡುಹಂದಿ ನುಗ್ಗಿದ ಮರುದಿನ ಬೆಳಿಗ್ಗೆ ಬದುವಿನ ಮೇಲೆ ನಿಂತ ನಮ್ಮ ಕಡೆಯ ರೈತರ ಮುಖ ನೆನಪಿಸಿಕೊಳ್ಳಿ. ವಿಡಿಯೋದಲ್ಲಿ ಬರೀ ನಗು ಇತ್ತು. ಪತ್ರಿಕೆಯಲ್ಲಿ ಈ ಮುಖವೂ ಇತ್ತು.

ನಗು ಇಲ್ಲದೆ ಇಲ್ಲ. ಒಂದು ಕಟ್ಟೆಯ ಹತ್ತಿರ ಸಾವಿರ ಹಕ್ಕಿ ನೀರಿಗೆ ಬರುವುದನ್ನೇ ಕಾದು ಕೂತರು. ತೀರ ಹತ್ತಿರ ಬಂದ ಮೇಲೆ ಗುಂಡು ಹಾರಿಸಿದರು. ಹನ್ನೆರಡು ಬಿದ್ದವು, ಗನ್ ಕಚ್ಚಿಕೊಂಡಿತು, ಉಳಿದವು ಓಡಿದವು. ಆಮೇಲೆ ಗನ್ನನ್ನು ಲಾರಿಗೆ ಕಟ್ಟಿದರು. ಲಾರಿಗೆ ಹಕ್ಕಿಯ ಓಟ ಸಿಗಲಿಲ್ಲ. ಕುಲುಕಾಟಕ್ಕೆ ಗುರಿಯೂ ಸಿಗಲಿಲ್ಲ.

ಎಲ್ಲ ಕಥೆಗೂ ಇಷ್ಟು ಸಲೀಸಾಗಿ ಕಾಗದ ಸಿಗುವುದಿಲ್ಲ. 1518ರ ಸ್ಟ್ರಾಸ್‌ಬರ್ಗ್ ತೆಗೆದುಕೊಳ್ಳಿ. ಜುಲೈ ತಿಂಗಳು. ಫ್ರೌ ಟ್ರೊಫಿಯಾ ಎಂಬ ಹೆಂಗಸು ಬೀದಿಯಲ್ಲಿ ಕುಣಿಯಲು ಶುರು ಮಾಡಿದಳು, ನಿಲ್ಲಿಸಲಿಲ್ಲ. ದಿನ ಕಳೆದಂತೆ ಕುಣಿಯುವವರು ನೂರಾರಾದರು. ಊರಿನ ಕೌನ್ಸಿಲ್ ಏನು ಮಾಡಿತು ಅನ್ನುವುದಕ್ಕೆ ಆಗಿನ ದಾಖಲೆ ಇದೆ: ರಕ್ತ ಕಾದಿದೆ, ಕುಣಿದು ಇಳಿಯಲಿ ಅಂತ ಜಾಗ ಕೊಟ್ಟರು, ವಾದ್ಯದವರನ್ನು ಕರೆಸಿದರು. ಇನ್ನೂ ಜಾಸ್ತಿಯಾದಾಗ ವಾದ್ಯವನ್ನೇ ನಿಷೇಧ ಮಾಡಿದರು. ಕೊನೆಗೆ ಕುಣಿಯುವವರನ್ನು ಸಂತ ವೀಟಸನ ಗುಡಿಗೆ ಕಳಿಸಿದರು. ಇಷ್ಟಕ್ಕೆ ‘ಅಂತೆ’ ಬೇಡ. ಆದರೆ ‘ದಿನಕ್ಕೆ 15 ಜನ ಸತ್ತರು’ ಅನ್ನುವ ಮಾತು ಊರಿನ ಆಗಿನ ದಾಖಲೆಯಲ್ಲಿ ಇಲ್ಲ, ಆಮೇಲೆ ಬಂದದ್ದು. ಅದಕ್ಕೆ ‘ಅಂತೆ’ ಇರಲಿ. ಕಾರಣದ ವಿಷಯದಲ್ಲೂ ಅಷ್ಟೆ. ಧಾನ್ಯಕ್ಕೆ ಹತ್ತಿದ ಬೂಷ್ಟಿನ ವಿಷ ಅಂತ ಕೆಲವರು, ಬರ-ಹಸಿವು-ರೋಗದಲ್ಲಿ ನೊಂದ ಮನಸ್ಸು ಒಟ್ಟಿಗೆ ಕೆರಳಿದ್ದು ಅಂತ ಇನ್ನು ಕೆಲವರು. ದುಗ್ಗಮ್ಮನ ಜಾತ್ರೆಯಲ್ಲಿ ಮೈತುಂಬಿ ಕುಣಿಯುವವರನ್ನು ಚಿಕ್ಕಂದಿನಿಂದ ನೋಡಿದ ನನಗೆ ಎರಡನೆಯದೇ ಹೆಚ್ಚು ಒಪ್ಪಿಗೆ. ಅದು ನನ್ನ ಅಭಿಪ್ರಾಯ. ಮಕ್ಕಳಿಗೂ ಹಾಗಂತಲೇ ಹೇಳಿದೆ.

ಮೂರನೇ ಹೆಜ್ಜೆ: ಲೆಕ್ಕ ಹಾಕಿ

ಕಥೆಯಲ್ಲಿ ಸಂಖ್ಯೆ ಬಂದ ಕೂಡಲೇ ಪೆನ್ನು ತೆಗೆಯಿರಿ. ಕೂಡಿಸುವ, ಭಾಗಿಸುವ ಲೆಕ್ಕ ಬಂದರೆ ಸಾಕು.

ಮೇಜರ್ ಮೆರಿಡಿತ್ ಕೊನೆಗೆ ಕೊಟ್ಟ ಲೆಕ್ಕ ಹೀಗಿದೆ: 9,860 ಗುಂಡು ಹಾರಿಸಿ 986 ಈಮು ಕೊಂದೆವು. ಭಾಗಿಸಿ ನೋಡಿ. ಸರಿಯಾಗಿ ಹತ್ತು! ಒಂದು ಹಕ್ಕಿಗೆ ಹತ್ತೇ ಗುಂಡು, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಕುಲುಕುವ ಲಾರಿ, ಕಚ್ಚಿಕೊಳ್ಳುವ ಗನ್ನು, ದಿಕ್ಕಾಪಾಲಾಗಿ ಓಡುವ ಹಕ್ಕಿಗಳ ನಡುವೆ ಇಷ್ಟು ಚೊಕ್ಕ ಲೆಕ್ಕ! ಕಿರಾಣಿ ಅಂಗಡಿಯ ತಿಂಗಳ ಚೀಟಿ ಸರಿಯಾಗಿ ಸಾವಿರಕ್ಕೇ ಬಂದು ನಿಂತರೆ ನೀವು ಇನ್ನೊಮ್ಮೆ ಕೂಡಿಸುತ್ತೀರೋ ಇಲ್ಲವೋ? ಇದನ್ನು ಮಕ್ಕಳಿಂದಲೇ ಮಾಡಿಸಿದೆ. ಸುಳ್ಳು ಅಂತ ನಾನು ಹೇಳಲಿಲ್ಲ. “ಮೇಜರ್ ಹೀಗೆ ಹೇಳಿದನಂತೆ” ಅಂತ ಒಬ್ಬ ಹುಡುಗ ತಾನೇ ‘ಅಂತೆ’ ಸೇರಿಸಿಕೊಂಡ. ಅಂದಹಾಗೆ, ಸೈನ್ಯ ವಾಪಸಾದ ಮೇಲೆ ಸರ್ಕಾರ ರೈತರಿಗೇ ಇನಾಮು ಕೊಡುವ ಪದ್ಧತಿಗೆ ಹೋಯಿತು. 1934ರಲ್ಲಿ ಆರೇ ತಿಂಗಳಲ್ಲಿ 57,034 ಹಕ್ಕಿಗೆ ಇನಾಮು ಎಣಿಸಿದರು. ಇನಾಮು ಕೆಡಿಸಿದ ಕಥೆಯ ಪಕ್ಕದಲ್ಲಿ ಇನಾಮು ಗೆದ್ದ ಕಥೆಯನ್ನೂ ಇಟ್ಟುಕೊಳ್ಳಿ. ಹನೋಯಿ ಒಂದನ್ನೇ ಹೇಳಿದರೆ ಮಕ್ಕಳು ಒಂದೇ ಕಡೆ ವಾಲುತ್ತಾರೆ.

ಲೆಕ್ಕ ಅಂದರೆ ಬರೀ ಅನುಮಾನಕ್ಕಲ್ಲ, ಕಣ್ಣಿಗೆ ಕಾಣಿಸುವುದಕ್ಕೂ ಬೇಕು. ಅದಕ್ಕೆ ಬಾಸ್ಟನ್ ಕಥೆಯಷ್ಟು ಒಳ್ಳೆಯದು ನನಗೆ ಇನ್ನೊಂದು ಸಿಕ್ಕಿಲ್ಲ.

ನಾಲ್ಕನೇ ಹೆಜ್ಜೆ: ನಮ್ಮ ಊರಿನ ಮಾತಿಗೆ, ನಮ್ಮ ಊರಿನ ಅಳತೆಗೆ ತನ್ನಿ

1919ರ ಜನವರಿ 15. ಅಮೆರಿಕದ ಬಾಸ್ಟನ್. ಬಂದರಿನ ಹತ್ತಿರ ಒಂದು ದೊಡ್ಡ ಟ್ಯಾಂಕ್ ಒಡೆದು ಬೀದಿಯಲ್ಲಿ ಅಲೆ ಎದ್ದು 21 ಜನ ಸತ್ತರು. ಒಂದು ಕನ್ನಡ ವಿಡಿಯೋದಲ್ಲಿ ಇದನ್ನು ‘ಜೇನಿನ ಸುನಾಮಿ’ ಅಂದಿದ್ದರು. ಇನ್ನೊಂದರಲ್ಲಿ ‘ಬೆಲ್ಲದ ಪಾಕ’. ಎರಡೂ ಅಲ್ಲ. ಅದು ಕಾಕಂಬಿ! ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪನೆಯ ಅಂಟು ದ್ರವ. ಸಕ್ಕರೆ ಕಾರ್ಖಾನೆ ಇರುವ ನಮ್ಮ ಜಿಲ್ಲೆಯಲ್ಲಿ ಈ ಪದ ಹೇಳಿಕೊಡಬೇಕೇ? ಕಟ್ಟೆಯ ಮೇಲೆ ‘ಕಾಕಂಬಿ’ ಅಂದ ಕೂಡಲೇ ಒಬ್ಬ ಹುಡುಗ ಮೂಗು ಮುಚ್ಚಿಕೊಂಡ. ಅವರಪ್ಪ ಕಬ್ಬಿನ ಲಾರಿ ಓಡಿಸುತ್ತಾರೆ. ಸರಿಯಾದ ಪದ ಹಾಕಿದರೆ ವಾಸನೆ ಸಮೇತ ಬರುತ್ತದೆ. ಜೇನು ಅಂದಿದ್ದರೆ ಎಲ್ಲರೂ ನಾಲಿಗೆ ಚಪ್ಪರಿಸುತ್ತಿದ್ದರು.

ಈಗ ಅಳತೆ. ಇಂಗ್ಲಿಷಿನಲ್ಲಿ 23 ಲಕ್ಷ ಗ್ಯಾಲನ್ ಅಂತ ಇರುತ್ತದೆ. ಅದು ಅಮೆರಿಕದ ಗ್ಯಾಲನ್, ಒಂದಕ್ಕೆ 3.785 ಲೀಟರ್. ಗುಣಿಸಿದರೆ ಸುಮಾರು 87 ಲಕ್ಷ ಲೀಟರ್. ಇದೂ ತಲೆಗೆ ಹೋಗುವುದಿಲ್ಲ. ಒಂದು ಟ್ಯಾಂಕರ್ ಲಾರಿಗೆ 20 ಸಾವಿರ ಲೀಟರ್ ಅಂತ ಹಿಡಿಯಿರಿ: 435 ಟ್ಯಾಂಕರ್. ಒಂದೊಂದು ಹತ್ತು ಮೀಟರ್ ಉದ್ದ ಅಂದುಕೊಂಡು ಹೈವೇ ಮೇಲೆ ಒಂದರ ಹಿಂದೆ ಒಂದು ನಿಲ್ಲಿಸಿದರೆ ನಾಲ್ಕು ಕಿಲೋಮೀಟರ್ ದಾಟುತ್ತದೆ. ಕಾಕಂಬಿ ನೀರಿಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ತೂಕ ಬೇರೆ. ಅಲೆಯ ಎತ್ತರ 25 ಅಡಿ ಅಂತ ಅಂದಾಜು, ಅಂದರೆ ಮಹಡಿ ಮನೆಯ ಮೇಲಿನ ಕಿಟಕಿ. ವೇಗ ಗಂಟೆಗೆ 56 ಕಿಲೋಮೀಟರ್. ಬೈಕಿನಲ್ಲಿ ಇಷ್ಟು ವೇಗವಾಗಿ ಹೋದರೆ ಅಮ್ಮ ಬೈಯುತ್ತಾರೆ ಅಂದಳು ಒಬ್ಬಳು.

ಈ ಕಥೆಯಲ್ಲಿ ನನಗೆ ಬಿಡಲಾಗದ ವಿಷಯ ಒಂದಿದೆ. ಟ್ಯಾಂಕು ಕಟ್ಟಿದ ದಿನದಿಂದ ಸೋರುತ್ತಿತ್ತು. ಅಕ್ಕಪಕ್ಕದ ಬಡ ಮನೆಗಳ ಮಕ್ಕಳು ಡಬ್ಬಿ ಹಿಡಿದು ಬಂದು ಸೋರಿದ್ದನ್ನು ತುಂಬಿಕೊಂಡು ಹೋಗುತ್ತಿದ್ದರು. ಕಂಪನಿಯವರು ದುರಸ್ತಿ ಮಾಡಬೇಕಿತ್ತು. ಅವರು ಟ್ಯಾಂಕಿಗೆ ಕಂದು ಬಣ್ಣ ಬಳಿದರು, ಸೋರಿದ್ದು ಕಾಣದಿರಲಿ ಅಂತ! ಒಡೆದ ಮೇಲೆ ಯಾರೋ ಬಾಂಬ್ ಇಟ್ಟರು ಅಂತ ವಾದ ಮಾಡಿದರು. ಕೇಸು ವರ್ಷಗಟ್ಟಲೆ ನಡೆದು, 1925ರಲ್ಲಿ ಕಂಪನಿಯದೇ ತಪ್ಪು ಅಂತ ತೀರ್ಮಾನವಾಗಿ ಪರಿಹಾರ ಕಟ್ಟಬೇಕಾಯಿತು. ಕಾಕಂಬಿಯ ಅಲೆ ಒಂದು ನಿಮಿಷದ ಬೆರಗು. ಕಂದು ಬಣ್ಣದ ವಿಷಯಕ್ಕೆ ಬಂದಾಗ ಕಟ್ಟೆ ಮೇಲೆ ಮಂಡಕ್ಕಿ ಜಗಿಯುವ ಸದ್ದು ನಿಂತಿತ್ತು.

ಐದನೇ ಹೆಜ್ಜೆ: ತಾರೀಖಿನ ಗೋಜಲು

ಇದು ಸಣ್ಣದು, ಬೇಗ ಮುಗಿಸುತ್ತೇನೆ. ಯುರೋಪಿನಲ್ಲಿ ಎಲ್ಲ ದೇಶವೂ ಒಂದೇ ಸಲ ಕ್ಯಾಲೆಂಡರ್ ಬದಲಾಯಿಸಲಿಲ್ಲ. ಬ್ರಿಟನ್ನಿನಲ್ಲಿ 1752ರ ಸೆಪ್ಟೆಂಬರ್ 2ರಂದು ಮಲಗಿದವರು ಎದ್ದಾಗ ತಾರೀಖು 14. ‘ನಮ್ಮ ಹನ್ನೊಂದು ದಿನ ವಾಪಸ್ ಕೊಡಿ’ ಅಂತ ಜನ ದಂಗೆ ಎದ್ದರು ಅನ್ನುವ ಬಾಲಕ್ಕೆ ಮಾತ್ರ ಗಟ್ಟಿ ಆಧಾರ ಇಲ್ಲ. ರಷ್ಯಾದ ‘ಅಕ್ಟೋಬರ್ ಕ್ರಾಂತಿ’ ನಮ್ಮ ಕ್ಯಾಲೆಂಡರಿನಲ್ಲಿ ನವೆಂಬರ್ 7. ಹಾಗಾಗಿ ಒಂದೇ ಘಟನೆಗೆ ಎರಡು ತಾರೀಖು ಕಂಡರೆ ಯಾರೋ ಸುಳ್ಳು ಹೇಳಿದ್ದಾರೆ ಅಂತ ಹಾರಬೇಡಿ. ನಮ್ಮ ಶಾಸನಗಳ ಶಕ ವರ್ಷಕ್ಕೆ 78 ಕೂಡಿಸಿ ಇಸವಿ ಮಾಡಿಕೊಳ್ಳುವುದು ಗೊತ್ತಿದ್ದರೆ ಹರಿಹರೇಶ್ವರ ಗುಡಿಯ ಶಾಸನದ ಮುಂದೆ ನಿಂತಾಗಲೂ ಕೆಲಸಕ್ಕೆ ಬರುತ್ತದೆ.

ಆರನೇ ಹೆಜ್ಜೆ: ಯಾರ ಬಾಯಿ ಕೇಳಿಸಲಿಲ್ಲ ಅಂತ ನೋಡಿ

ಹಿರೂ ಒನೋಡ ಎಂಬ ಜಪಾನಿ ಸೈನಿಕ. ಎರಡನೇ ಮಹಾಯುದ್ಧ ಮುಗಿದದ್ದನ್ನು ನಂಬದೆ ಫಿಲಿಪ್ಪೀನ್ಸಿನ ಲುಬಾಂಗ್ ದ್ವೀಪದ ಕಾಡಿನಲ್ಲಿ 1974ರ ತನಕ ಇದ್ದವನು. ಅವನ ಹಳೇ ಮೇಲಧಿಕಾರಿ ಅಷ್ಟು ಹೊತ್ತಿಗೆ ಪುಸ್ತಕದ ವ್ಯಾಪಾರಿಯಾಗಿದ್ದ. ಆ ಮನುಷ್ಯ ಕಾಡಿಗೆ ಬಂದು, ಆದೇಶ ಓದಿ ಹೇಳಿದ ಮೇಲೆ ಒನೋಡ ಬಂದೂಕು ಕೆಳಗಿಟ್ಟ. ಬಂದೂಕು ಇನ್ನೂ ಕೆಲಸ ಮಾಡುತ್ತಿತ್ತು. 1944ರಲ್ಲಿ ತಾಯಿ ಕೊಟ್ಟಿದ್ದ ಚೂರಿಯೂ ಹತ್ತಿರವೇ ಇತ್ತು.

ಎಂಥ ನಿಷ್ಠೆ ಅಂತ ಎಲ್ಲರೂ ಕೊಂಡಾಡುವ ಕಥೆ. ನಾನೂ ಹಾಗೇ ಹೇಳುತ್ತಿದ್ದೆ. ಆಮೇಲೆ ಲುಬಾಂಗಿನವರ ಕಡೆಯಿಂದ ಓದಿದೆ. ಆ ವರ್ಷಗಳಲ್ಲಿ ಅವನೂ ಅವನ ಜೊತೆಗಾರರೂ ದ್ವೀಪದ ಮೂವತ್ತರಷ್ಟು ಜನರನ್ನು ಕೊಂದರು ಅನ್ನಲಾಗುತ್ತದೆ. ಯುದ್ಧ ಮುಗಿದ ಎಷ್ಟೋ ವರ್ಷದ ಮೇಲೆ ಹೊಲಕ್ಕೆ ಹೋದವನು ವಾಪಸ್ ಬರದಿದ್ದರೆ ಆ ಮನೆಯವರಿಗೆ ಇದು ನಿಷ್ಠೆಯ ಕಥೆಯೇ? ಈಗ ಎರಡನ್ನೂ ಹೇಳುತ್ತೇನೆ. ಕಥೆಯ ಹುರುಪು ಸ್ವಲ್ಪ ಇಳಿಯುತ್ತದೆ, ಇಳಿಯಲಿ.

ಏಳನೇ ಹೆಜ್ಜೆ: ಹೇಳುವಾಗ

ಇಸವಿಯಿಂದ ಶುರು ಮಾಡಬೇಡಿ. ‘1833ರಲ್ಲಿ ಬಾಸ್ಟನ್ನಿನಿಂದ ಕಲ್ಕತ್ತೆಗೆ...’ ಅಂದ ಕೂಡಲೇ ಸಮಾಜ ಪರೀಕ್ಷೆ ನೆನಪಾಗಿ ಮಕ್ಕಳು ಎದ್ದು ಹೋಗುತ್ತಾರೆ. ನಾನು ಹೀಗೆ ಶುರು ಮಾಡಿದೆ:

“ಏಪ್ರಿಲ್ ಬಿಸಿಲಲ್ಲಿ ಕಬ್ಬಿನ ಹಾಲು ಕುಡೀತೀರಲ್ಲ, ಅದಕ್ಕೆ ಹಾಕೋ ಐಸ್ ಎಲ್ಲಿಂದ ಬರುತ್ತೆ?”

“ಐಸ್ ಫ್ಯಾಕ್ಟರಿಯಿಂದ.”

“ಫ್ಯಾಕ್ಟರಿನೇ ಇಲ್ಲ, ಕರೆಂಟೂ ಇಲ್ಲ ಅಂದ್ರೆ?”

“ಫ್ರಿಜ್ಜೂ ಇರಲ್ಲ. ಸುಮ್ನೆ ಬಿಸಿ ಹಾಲೇ ಕುಡೀಬೇಕು.”

“ಅಲ್ಲ, ಹಡಗಲ್ಲಿ ತರಿಸಬೇಕು. ಅಮೆರಿಕದ ಕೆರೆಯಿಂದ.”

ಅಲ್ಲಿಗೆ ಕಥೆ ಸಿಕ್ಕಿಹಾಕಿಕೊಂಡಿತು. ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರನ್ನು ಗರಗಸದಿಂದ ಕೊಯ್ದು ಮಾರುವುದು ಅವನ ಉದ್ಯೋಗ. 1833ರ ಮೇನಲ್ಲಿ ‘ಟಸ್ಕನಿ’ ಎಂಬ ಹಡಗಿಗೆ 180 ಟನ್ ಐಸ್ ತುಂಬಿ ಕಲ್ಕತ್ತೆಗೆ ಕಳಿಸಿದ. ನಾಲ್ಕು ತಿಂಗಳ ಸಮುದ್ರ, ಸಮಭಾಜಕ ವೃತ್ತ ಎರಡು ಸಲ ದಾಟಬೇಕು. ಸೆಪ್ಟೆಂಬರಿನಲ್ಲಿ ಮುಟ್ಟಿದಾಗ ಸುಮಾರು 100 ಟನ್ ಕರಗದೆ ಉಳಿದಿತ್ತು! ಹೇಗೆ ಅಂತ ಕೇಳುವ ತನಕ ಸುಮ್ಮನಿರಿ. ಕೇಳಿದ ಮೇಲೆ ಮರದ ಹೊಟ್ಟು ಅನ್ನಿ. ನಮ್ಮ ಚಿಕ್ಕಂದಿನಲ್ಲಿ ಮದುವೆ ಮನೆಗೆ ಐಸ್ ಗಡ್ಡೆ ಬರುತ್ತಿದ್ದುದೂ ಹೊಟ್ಟಿನಲ್ಲೇ, ಮೇಲೆ ಒದ್ದೆ ಗೋಣಿಚೀಲ. ಆ ಹೊಟ್ಟನ್ನು ಕೈಯಲ್ಲಿ ಕೆರೆದು ಐಸ್ ಚೂರು ಕದ್ದು ಬಾಯಿಗೆ ಹಾಕಿಕೊಂಡದ್ದು ನನಗೆ ಇನ್ನೂ ನಾಲಿಗೆಯ ಮೇಲಿದೆ. ಈ ವ್ಯಾಪಾರಕ್ಕೆ ಕಟ್ಟಿದ ಮದರಾಸಿನ ಐಸ್ ಹೌಸ್ ಇವತ್ತಿಗೂ ಮರೀನಾ ಬೀಚ್ ಎದುರಿಗೆ ನಿಂತಿದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ಉಳಿದುಕೊಂಡಿದ್ದರು, ಈಗ ಅವರ ಹೆಸರೇ ಅದಕ್ಕಿದೆ.

ಒಂದು ಸಂಜೆಗೆ ಒಂದೇ ಕಥೆ. ‘ಹತ್ತು ವಿಚಿತ್ರ ಘಟನೆಗಳು’ ಅಂತ ಪಟ್ಟಿ ಓದಿದರೆ ಮಂಡಕ್ಕಿ ಖಾಲಿಯಾಗುವಷ್ಟರಲ್ಲಿ ಎಲ್ಲ ಮರೆತಿರುತ್ತದೆ. ಮತ್ತೆ, ಜನ ಸತ್ತ ಜಾಗದಲ್ಲಿ ದನಿ ಇಳಿಸಿ. ಕಾಕಂಬಿ ಅಂತ ನಕ್ಕ ಬಾಯಿ 21 ಜನರ ಹತ್ತಿರ ಬಂದಾಗ ಮುಚ್ಚಬೇಕು.

ಎಂಟನೇ ಹೆಜ್ಜೆ: ನಮ್ಮ ಕಲ್ಲಿನ ಮುಂದೆ ನಿಂತು ನೋಡಿ

ಜಗತ್ತಿನ ಕಥೆಗೆ ಜರಡಿ ಹಿಡಿದವರು ನಮ್ಮ ಕಥೆಗೂ ಹಿಡಿಯಬೇಕಲ್ಲ. ಆದರೆ ಇಲ್ಲಿ ಕೈ ಸ್ವಲ್ಪ ಮೆತ್ತಗಿರಲಿ. ಹೈದರಾಲಿ 1779ರಲ್ಲಿ ಚಿತ್ರದುರ್ಗ ಗೆದ್ದದ್ದಕ್ಕೆ ಕಾಗದ ಇದೆ. ಓಬವ್ವ ನೀರಿಗೆ ಹೋದಾಗ ಕಿಂಡಿಯಲ್ಲಿ ನುಸುಳುವ ಸೈನಿಕರನ್ನು ಕಂಡು ಒನಕೆ ಎತ್ತಿದ್ದನ್ನು ದುರ್ಗದವರು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದಿದ್ದಾರೆ. ಇದಕ್ಕೆ ‘ಅಂತೆ’ ಹಾಕಿದರೆ ಅವಮಾನ ಅಲ್ಲ. ‘ಊರು ಹೇಳುತ್ತದೆ’ ಅನ್ನುವ ಅರ್ಥದ ‘ಅಂತೆ’ ಅದು. ಮಕ್ಕಳನ್ನು ಆ ಕಿಂಡಿಯ ಹತ್ತಿರ ಕರೆದುಕೊಂಡು ಹೋಗಿ, ಒಬ್ಬೊಬ್ಬರನ್ನೇ ಒಳಗೆ ನುಸುಳಿಸಿ. ಎಷ್ಟು ಜನ ಒಟ್ಟಿಗೆ ಬರಬಹುದು, ತಲೆ ಎಲ್ಲಿ ಬಗ್ಗುತ್ತದೆ, ಅಂತ ಅವರೇ ಹೇಳಲಿ.

ದುರ್ಗಕ್ಕೆ ಹೋದ ಮೇಲೆ ಚಂದ್ರವಳ್ಳಿ ಬಿಡಬೇಡಿ. ಅಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದೆ. ಏಸುಕ್ರಿಸ್ತನ ಕಾಲದ ರೋಮಿನ ದುಡ್ಡು ನಮ್ಮ ಗುಡ್ಡದ ಸಂದಿಗೆ ಬಂದಿತ್ತು. ಆಮೇಲೆ ಒಂದು ದಿನ ಬಿಡುವು ಮಾಡಿಕೊಂಡು ಚಳ್ಳಕೆರೆ ದಾಟಿ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಹತ್ತಿರ ಬ್ರಹ್ಮಗಿರಿಗೆ ಹೋಗಿ. ಹೋಗುವ ಮೊದಲು ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ನೋಡಿಕೊಳ್ಳಿ. ಅದು ಚಿತ್ರದುರ್ಗ ಜಿಲ್ಲೆಯ ಶಾಸನಗಳದ್ದು. ಬಿ.ಎಲ್. ರೈಸ್ ಕೂಡಿಸಿಟ್ಟದ್ದು, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ.

ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನ ಇದೆ. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ, ಎಡದಿಂದ ಬಲಕ್ಕೆ. ಅಶೋಕನ ದಕ್ಷಿಣದ ಆಡಳಿತ ಕೇಂದ್ರ ಸುವರ್ಣಗಿರಿಯಿಂದ, ಈ ಕಡೆಯ ಆಗಿನ ಊರು ಇಸಿಲದ ಅಧಿಕಾರಿಗಳಿಗೆ ಆರೋಗ್ಯ ಕೇಳಿ ಶುರುವಾಗುತ್ತದೆ, ನಾವು ಪತ್ರದಲ್ಲಿ ‘ಕ್ಷೇಮ’ ಬರೆಯುತ್ತಿದ್ದ ಹಾಗೆ. ತಂದೆ-ತಾಯಿ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ ಅಂತ ಮುಂದುವರಿಯುತ್ತದೆ. ಕೊನೆಯಲ್ಲಿ ಬರೆದವನ ರುಜು: ಚಪಡ ಬರೆದದ್ದು, ‘ಲಿಪಿಕರೇಣ’ (ಅಂದರೆ ಲಿಪಿಕಾರನಿಂದ). ಆ ಕೊನೆಯ ಪದದ ಐದಕ್ಷರ ಮಾತ್ರ ಬ್ರಾಹ್ಮಿಯಲ್ಲಿಲ್ಲ. ಖರೋಷ್ಠಿಯಲ್ಲಿದೆ, ಬಲದಿಂದ ಎಡಕ್ಕೆ! ಖರೋಷ್ಠಿ ಇವತ್ತಿನ ಪೇಶಾವರ-ತಕ್ಷಶಿಲೆ ಕಡೆಯ ಲಿಪಿ. ಇಲ್ಲಿಂದ ಎರಡು ಸಾವಿರ ಕಿಲೋಮೀಟರಿಗೂ ದೂರ. ಇಲ್ಲಿ ಅದನ್ನು ಓದುವವರು ಯಾರಿದ್ದರು? ಆ ಕಡೆಯಿಂದಲೇ ಬಂದವನಿರಬಹುದು, ಊರಿನ ನೆನಪಿಗೆ ಹೀಗೆ ಬರೆದಿರಬಹುದು, ಅಥವಾ ‘ನನಗೆ ಎರಡೂ ಬರುತ್ತೆ’ ಅಂತ ಜಂಬ ಕೊಚ್ಚಿಕೊಂಡಿರಬಹುದು. ಕಲ್ಲು ಹೇಳುವುದು ಚಪಡ ಬರೆದ ಅಂತ ಮಾತ್ರ.

ಆ ಮಿರ್ಚಿ ಹುಡುಗಿಯನ್ನೂ ಕರೆದುಕೊಂಡು ಹೋಗಿದ್ದೆವು. ಈಗ ಅವಳು ಒಂಬತ್ತನೇ ಕ್ಲಾಸು. ನಾನು ಬಾಯಿ ತೆಗೆಯುವ ಮೊದಲೇ “ಇದನ್ನ ಬರೆದೋರು ಯಾರು ಅಂತ ಇಲ್ಲೇ ಬರೆದಿದೆ ಅಂಕಲ್” ಅಂದಳು. ವಾಪಸ್ ಬರುವಾಗ ವ್ಯಾನಿನ ಕಿಟಕಿಯ ಧೂಳಿನ ಮೇಲೆ ಬೆರಳಿನಿಂದ ತನ್ನ ಹೆಸರು ಬರೆದುಕೊಳ್ಳುತ್ತಾ ಕೂತಿದ್ದಳು. ಬಲದಿಂದ ಎಡಕ್ಕೆ.